ಮ್ಯಾನೇಜರ್ ಪಾಪುವಿನ ಎಡಗಣ್ಣು

ಪರದೆ ಅಂಗಡಿಯ ಹಿಂದಿನ ಹೊಲಿಗೆ ಕೋಣೆಗೆ ಒಂದೇ ಒಂದು ಕಿಟಕಿಯೂ ಇರಲಿಲ್ಲ. ಊರಿನ ಕಿಟಕಿಗಳಿಗೆಲ್ಲ ಬಟ್ಟೆ ತೊಡಿಸುವ ನಮಗೆ ಇಣುಕಲೊಂದು ಕಿಂಡಿಯಿಲ್ಲ ಎಂದು ಅಲ್ಲಿನವರು ತಮ್ಮನ್ನು ತಾವೇ ಆಡಿಕೊಳ್ಳುತ್ತಿದ್ದರು. ಒಂದು ಗೋಡೆಗೆ ಸಾಲಾಗಿ ಮೆಷಿನ್ನುಗಳು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎದುರು ಗೋಡೆಗೆ ಸೂರು ಮುಟ್ಟುವಂತೆ ಜೋಡಿಸಿದ ಬಟ್ಟೆಯ ಥಾನುಗಳು. ಹಗಲಿಡೀ ಟ್ಯೂಬ್‌ಲೈಟು ಉರಿಯುತ್ತಿದ್ದರೂ ಮೂಲೆಗಳಲ್ಲಿ ಮಬ್ಬು ಹಾಗೇ ಉಳಿದಿರುತ್ತಿತ್ತು.

ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಪರದೆಯಕ್ಕ. ಅಲ್ಲಿದ್ದವರೆಲ್ಲ ಪರದೆ ಹೊಲಿಯುವವರೇ. ಆದರೂ ಆ ಹೆಸರು ಅವಳೊಬ್ಬಳಿಗೇ ಅಂಟಿಕೊಂಡಿತ್ತು. ಮದುವೆಯಾದ ಹೊಸದರಲ್ಲಿ ಅವಳು ಅಂಗಡಿಯಲ್ಲಿ ಉಳಿದ ತುಂಡುಗಳನ್ನೆಲ್ಲ ಮನೆಗೆ ಹೊತ್ತುಕೊಂಡು ಹೋಗಿ ಬಾಗಿಲಿಗೆ, ಕಪಾಟಿಗೆ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಪರದೆ ಹೊಲಿದು ಹಾಕಿದ್ದಳಂತೆ. "ಗಂಡನಿಗೊಂದು ಹಾಕ್ಲಿಲ್ವೇನಮ್ಮಾ?" ಎಂದು ಕಟಿಂಗ್ ಮಾಸ್ತರು ಕೇಳಿದಾಗ, "ಅವರು ಬಾಯೇ ಬಿಡಲ್ಲ ಮಾಸ್ತರೇ, ಆಗ್ಲೇ ಇರೋ ಪರದೇನೇ ದಪ್ಪ ಆಯ್ತು" ಎಂದಿದ್ದಳು. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತ್ತು.

ಗಂಡ ನೀರಿನ ಕ್ಯಾನುಗಳ ವ್ಯಾನು ಓಡಿಸುತ್ತಿದ್ದ. ನಿಜಕ್ಕೂ ಮಿತಭಾಷಿ. ಮೆಟ್ಟಿಲು ಹತ್ತಿ ಇಳಿದು ಸವೆದ ಮೊಣಕಾಲುಗಳಿಗೆ ಸಂಜೆ ಹೊತ್ತು ಮುಲಾಮು ಸವರಿಕೊಳ್ಳುತ್ತ ಕೂತರೆ ಅವನು ಇದ್ದಾನೆಂದೇ ತಿಳಿಯುತ್ತಿರಲಿಲ್ಲ. ಅವನ ತಂಗಿಯೂ ಅವರ ಜೊತೆಗೇ ಇದ್ದಳು. ಮೊಬೈಲ್ ಅಂಗಡಿಯಲ್ಲಿ ಫೋನುಗಳಿಗೆ ಗಾಜು ಅಂಟಿಸುವ ಕೆಲಸ, ಕಾಲೇಜು ಅರ್ಧಕ್ಕೆ ಬಿಟ್ಟ ಹುಡುಗಿ, ಅಣ್ಣನಿಗೆ ಇಲ್ಲದ ಮಾತನ್ನೆಲ್ಲ ತಾನೇ ಬಾಚಿಕೊಂಡು ಹುಟ್ಟಿದವಳು. ಅತ್ತಿಗೆ ನಾದಿನಿಯರಿಬ್ಬರೂ ಸೇರಿದರೆ ಮನೆಯಲ್ಲಿ ರೇಡಿಯೋ ಬೇಕಿರಲಿಲ್ಲ.

ಇನ್ನು ಆಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ ಪರದೆಯಕ್ಕನಿಗೆ ಗಂಡುಮಗು ಹುಟ್ಟಿತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಮಾಲೀಕರು ದೊಡ್ಡ ಮನಸ್ಸು ಮಾಡಿ, "ಕರ್ಕೊಂಡು ಬಾ, ಆದ್ರೆ ಅಳಬಾರದು, ಬಟ್ಟೆ ಒದ್ದೆ ಮಾಡಬಾರದು" ಎಂದರು. ಮಗು ಮೊದಲ ದಿನವೇ ಎರಡು ಷರತ್ತುಗಳನ್ನೂ ಮುರಿಯಿತು. ಮಾಲೀಕರೇ ಎತ್ತಿಕೊಂಡು ಸಮಾಧಾನ ಮಾಡಿದರು. ಅಲ್ಲಿಂದ ಮೇಲೆ ಲೈನಿಂಗ್ ಬಟ್ಟೆಯ ಚೂರುಗಳನ್ನು ಹಾಸಿದ ರಟ್ಟಿನ ಡಬ್ಬಿಯೊಳಗೆ, ಅಮ್ಮನ ಮೆಷಿನ್ನಿನ ಪಕ್ಕದಲ್ಲಿ, ಮಗು ಬೆಳೆಯಿತು. ಪೆಡಲಿನ ಸದ್ದು ನಿಂತರೆ ಎಚ್ಚರಾಗುವುದು, ಶುರುವಾದರೆ ನಿದ್ದೆ ಹೋಗುವುದು. ಅವಳು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು.

ಫೋಟೋ ತೆಗೆದದ್ದು ಆ ಕೋಣೆಯಲ್ಲೇ. ಮಗು ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಕಲಿತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾರೋ ಅದನ್ನು ಕತ್ತರಿಸುವ ಮೇಜಿನ ಮೇಲೆ, ಮಡಚಿಟ್ಟ ಪರದೆಗಳ ರಾಶಿಯ ನಡುವೆ ಕೂರಿಸಿದರು. ಮಾಸ್ತರು ತಮ್ಮ ಅಳತೆ ಟೇಪನ್ನು ಅದರ ಕೊರಳಿಗೆ ಹಾಕಿದರು. ಅತ್ತಿಗೆ ಮರೆತುಹೋದ ಊಟದ ಡಬ್ಬಿ ಕೊಡಲು ನಾದಿನಿ ಆಗತಾನೇ ಬಂದಿದ್ದಳು. "ಅಯ್ಯೋ ಇವನ ಗತ್ತು ನೋಡಿ!" ಎಂದು ಫೋನು ಹಿಡಿದಳು. ಮಬ್ಬಿದ್ದ ಕಾರಣ ಫ್ಲ್ಯಾಶ್ ಹೊತ್ತಿಕೊಂಡಿತು.

ಫೋಟೋದಲ್ಲಿ ಮಗು ಒಂದು ಹುಬ್ಬು ಏರಿಸಿ, ತುಟಿ ಒಂದು ಪಕ್ಕಕ್ಕೆ ಒತ್ತಿ, ಎದುರಿಗಿರುವವನು ಹೇಳುವ ನೆಪಗಳನ್ನೆಲ್ಲ ಬಹಳ ಹಿಂದೆಯೇ ಕೇಳಿ ಮುಗಿಸಿದ ಹಿರಿಯ ಅಧಿಕಾರಿಯ ಹಾಗೆ ನೋಡುತ್ತಿತ್ತು. ಬಲಗಣ್ಣು ಕಪ್ಪಗೆ, ಫ್ಲ್ಯಾಶಿಗೆ ಸ್ವಲ್ಪ ಕೆಂಪಗೆ. ಎಡಗಣ್ಣಿನ ನಡುವೆ ಮಾತ್ರ ಬೆಳ್ಳಗೆ ಒಂದು ಹೊಳಪು, ಪುಟ್ಟ ಬಲ್ಬು ಹೊತ್ತಿಸಿದಂತೆ.

"ಇನ್ನೈದು ನಿಮಿಷ, ಬಂದ್ಬಿಟ್ಟೆ ಅಂದೋನನ್ನ ನೋಡೋದು ಹೀಗೆ" ಎಂದು ಬರೆದು ನಾದಿನಿ ಅದನ್ನು ತನ್ನ ಪೇಜಿಗೆ ಹಾಕಿದಳು. ಮೊದಲು ಅವಳ ಗೆಳತಿಯರು ನಕ್ಕರು. ಆಮೇಲೆ ಗೆಳತಿಯರ ಗೆಳತಿಯರು. ನಾಲ್ಕಾರು ದಿನಗಳಲ್ಲಿ ಅದು ಅವಳ ಕೈತಪ್ಪಿ ಹೋಯಿತು. ಯಾರೋ ಅದಕ್ಕೆ "ಮ್ಯಾನೇಜರ್ ಪಾಪು" ಎಂದು ಹೆಸರಿಟ್ಟರು. ರಜೆ ಕೇಳಿದವನ ಮೇಲೆ ಮ್ಯಾನೇಜರ್ ಪಾಪು, ಅಡುಗೆ ಹೇಗಿದೆ ಎಂದು ಕೇಳಿದ ಹೆಂಡತಿಯ ಎದುರು ಮ್ಯಾನೇಜರ್ ಪಾಪು, ಪರೀಕ್ಷೆ ಚೆನ್ನಾಗಿ ಬರೆದಿದ್ದೇನೆ ಎಂದ ಮಗನ ಎದುರು ಮ್ಯಾನೇಜರ್ ಪಾಪು. ಬೆಳ್ಳಗಿದ್ದ ಕಣ್ಣಿನ ಮೇಲೂ ಜನರ ಕೈ ಓಡಿತು. ಒಬ್ಬ ಅದರಿಂದ ಟಾರ್ಚಿನ ಬೆಳಕು ಬಿಟ್ಟ. ಇನ್ನೊಬ್ಬ ಅದರ ಮೇಲೆ ಮಿನುಗುವ ನಕ್ಷತ್ರ ಅಂಟಿಸಿದ. ಮತ್ತೊಬ್ಬ ಆ ಕಣ್ಣಿಂದ ಬೆಂಕಿ ಹಾರಿಸಿ, ಎದುರಿಗಿದ್ದ ನೌಕರನನ್ನು ಬೂದಿ ಮಾಡಿದ.

ಹೊಲಿಗೆ ಕೋಣೆಯಲ್ಲಿ ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಮಾಲೀಕರು ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದರು: "ಮ್ಯಾನೇಜರ್ ಒಳಗಿದ್ದಾರೆ." ಪರದೆ ಬೇಡದವರೂ ಒಳಗೆ ಬಂದು ಮಗುವಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ಹೋದರು. ಮನೆಯಲ್ಲೂ ಅದೇ ಹೆಸರು ನಿಂತಿತು. "ಮ್ಯಾನೇಜರ್ ಎದ್ರಾ?", "ಮ್ಯಾನೇಜರ್ ಚಡ್ಡಿ ಎಲ್ಲಿ?" ಪರದೆಯಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಅಷ್ಟು ವರ್ಷ ಮಗುವಿಲ್ಲ ಎನ್ನಿಸಿಕೊಂಡವಳು. ಈಗ ಲೋಕವೆಲ್ಲ ತನ್ನ ಮಗುವನ್ನೇ ನೋಡುತ್ತಿದೆ. ಪ್ರತಿ ಸಂಜೆ ನಾದಿನಿಯ ಪಕ್ಕ ಕೂತು ಹೊಸ ಹೊಸ ಕಾಮೆಂಟುಗಳನ್ನು ಓದಿಸಿಕೊಂಡು ನಗುವುದು ಅವಳ ದಿನದ ಸಿಹಿಯಾಯಿತು.

ಆ ಕಾಮೆಂಟು ಬಂದದ್ದು ಹಾಗೆ ಕೂತಿದ್ದಾಗಲೇ. ನಾದಿನಿ ನಗುತ್ತಲೇ ಓದಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದಳು.

"ಏನೇ ಅದು? ಓದು."

"ಬೇಡ ಬಿಡಿ ಅತ್ತಿಗೆ. ಯಾರೋ ತಲೆಕೆಟ್ಟೋರು."

ಪರದೆಯಕ್ಕ ಫೋನು ಕಸಿದುಕೊಂಡು ತಾನೇ ಓದಿದಳು. ಯಾವುದೋ ಊರಿನ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಬರೆದಿದ್ದಳು: ಈ ಮಗುವಿನ ಎಡಗಣ್ಣು ಬೆಳ್ಳಗೆ ಕಾಣುತ್ತಿದೆ, ಇದು ಫ್ಲ್ಯಾಶಿನ ಆಟ ಇರಲಿಕ್ಕಿಲ್ಲ, ದಯವಿಟ್ಟು ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ, ನಾನು ತಮಾಷೆ ಮಾಡುತ್ತಿಲ್ಲ. ಅದರ ಕೆಳಗೆ ಆಗಲೇ ಸಾಲು ಸಾಲು ನಗು. "ಮ್ಯಾನೇಜರ್‌ಗೆ ಮೆಡಿಕಲ್ ಲೀವ್ ಕೊಡ್ರಪ್ಪಾ" ಎಂದು ಒಬ್ಬ.

ಪರದೆಯಕ್ಕನ ಮೈ ಉರಿದುಹೋಯಿತು. ಮಗುವನ್ನು ಎತ್ತಿಕೊಂಡು ಬಾಗಿಲ ಬಳಿ ಬೆಳಕಿಗೆ ಹಿಡಿದು ಕಣ್ಣು ನೋಡಿದಳು. ಎರಡೂ ಕಪ್ಪಗೆ, ತೊಳೆದಿಟ್ಟಂತೆ. ಮಗು ಅವಳ ಮೂಗು ಹಿಡಿದು ಎಳೆಯಿತು. ಅವಳು ಫೋನು ತೆಗೆದುಕೊಂಡು, ಬರೆಯುವ ಅಭ್ಯಾಸವಿಲ್ಲದ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದಳು: ನಿಮ್ಮ ಕೆಟ್ಟ ಬಾಯಿ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ, ನನ್ನ ಮಗುವಿನ ಮೇಲೆ ಬಿಡಬೇಡಿ, ನಿಮಗೆ ಮಕ್ಕಳಿಲ್ಲವೇನೋ.

ಮಾರನೆಯ ದಿನ ಆ ಹೆಂಗಸು ನಾದಿನಿಗೆ ಬೇರೆಯಾಗಿ ಬರೆದಳು. ಬೈದದ್ದಕ್ಕೆ ಬೇಸರವಿಲ್ಲ, ಆದರೆ ಕಣ್ಣಿನೊಳಗೆ ಗೆಡ್ಡೆ ಬೆಳೆಯುವ ಕಾಯಿಲೆಯೊಂದಿದೆ, ಅದು ಮೊದಲು ಕಾಣುವುದು ಫೋಟೋದಲ್ಲೇ, ತಡ ಮಾಡಬೇಡಿ. ಅದನ್ನೂ ಪರದೆಯಕ್ಕ ಓದಿದಳು. ಗೆಡ್ಡೆ ಎಂಬ ಪದದ ಹತ್ತಿರ ಅವಳ ಕೈಕಾಲು ತಣ್ಣಗಾದವು. ತಣ್ಣಗಾದದ್ದು ಮರುಕ್ಷಣವೇ ಸಿಟ್ಟಾಯಿತು. "ಬ್ಲಾಕ್ ಮಾಡೋದು ಹೇಗೆ, ತೋರಿಸು" ಎಂದಳು. ನಾದಿನಿ ತೋರಿಸಿದಳು. ಅವಳೇ ಒತ್ತಿದಳು.

ಗಂಡ ಮೂಲೆಯಲ್ಲಿ ಕೂತು ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದವನು ತಲೆಯೆತ್ತಿದ. "ಒಂದು ಸಲ ತೋರಿಸಿದ್ರೆ ಏನಾಗುತ್ತೆ?"

"ನಿಮಗೂ ಅವಳ ಮಾತೇ ಹಿತವಾಯ್ತಾ? ಕಲ್ಲುಗುಂಡಿನಂಗಿರೋ ಮಗೂನ ಆಸ್ಪತ್ರೆಗೆ ಎತ್ಕೊಂಡು ಹೋಗಿ ಏನಂತ ಹೇಳ್ಲಿ? ಮೊಬೈಲಲ್ಲಿ ಬಂತು ಅಂತಲಾ?"

ಅವನು ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿ ಎತ್ತಿಟ್ಟ.

ಮೀಮು ಹಳತಾಗುವ ಹೊತ್ತಿಗೆ ಮಗು ನಡೆಯಲು ಕಲಿತಿತ್ತು. ಕೋಣೆಯ ತುಂಬ ಓಡಾಡುತ್ತ ಎಡಗಡೆಗೆ ಬಂದ ಮೇಜಿನ ಕಾಲಿಗೆ, ಸ್ಟೂಲಿಗೆ ಡಿಕ್ಕಿ ಹೊಡೆಯುತ್ತಿತ್ತು. "ಮ್ಯಾನೇಜರ್‌ಗೆ ಅವಸರ ಜಾಸ್ತಿ" ಎಂದು ಎಲ್ಲರೂ ನಕ್ಕರು. ಆಮೇಲೆ ಎಡಗಣ್ಣು ಸ್ವಲ್ಪ ಮೂಗಿನ ಕಡೆಗೆ ತಿರುಗಿದಂತೆ ಮಾಸ್ತರಿಗೆ ಅನ್ನಿಸಿತು. ಮೆಳ್ಳೆಗಣ್ಣು ಅದೃಷ್ಟ ಎಂದು ಯಾರೋ ಸಮಾಧಾನ ಹೇಳಿದರು. ಪರದೆಯಕ್ಕನ ಮಾತು ಆಗಲೇ ಕಡಿಮೆಯಾಗತೊಡಗಿತ್ತು. ಒಂದು ಸಂಜೆ ದೀಪ ಹಾಕುವ ಮುಂಚೆ, ಮಗು ತೊಡೆಯ ಮೇಲೆ ಮಲಗಿ ಅವಳ ಮುಖ ನೋಡುತ್ತಿದ್ದಾಗ, ಬಾಗಿಲಿಂದ ಬಂದ ಅಡ್ಡಬೆಳಕಿನಲ್ಲಿ ಅವಳಿಗೆ ಅದು ಕಂಡಿತು. ಕಪ್ಪಿನ ಆಳದಲ್ಲಿ ಬೆಕ್ಕಿನ ಕಣ್ಣಿನಂತೆ ಮಾಸಲು ಬಿಳಿ. ಮಗು ತಲೆ ತಿರುಗಿಸಿತು, ಅದು ಮಾಯವಾಯಿತು. ಮತ್ತೆ ತಿರುಗಿತು, ಮತ್ತೆ ಕಂಡಿತು.

ಅವಳು ಕೂತಲ್ಲಿಂದಲೇ ಗಂಡನನ್ನು ಕೂಗಿದಳು.

ಕಣ್ಣಿನ ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದರು. ಅಲ್ಲಿಯ ಆಯಾ ಒಬ್ಬಳು ಹಾದುಹೋಗುತ್ತ ಗಕ್ಕನೆ ನಿಂತಳು. "ಅಯ್ಯೋ, ಇವನು ಮ್ಯಾನೇಜರ್ ಪಾಪು ಅಲ್ವಾ! ಏ, ಬನ್ರೇ ಇಲ್ಲಿ!" ಮೂರ್ನಾಲ್ಕು ಜನ ಸುತ್ತುಗಟ್ಟಿದರು. ನಗುನಗುತ್ತ ಫೋನು ಹೊರತೆಗೆದವರು, ಮಗುವಿನ ಕೈಯಲ್ಲಿದ್ದ ಚೀಟಿಯಲ್ಲಿ ಗೆಡ್ಡೆ ನೋಡುವ ಡಾಕ್ಟರ ಹೆಸರಿರುವುದನ್ನು ಕಂಡ ಕೂಡಲೇ ಒಬ್ಬೊಬ್ಬರಾಗಿ ಫೋನು ಒಳಗಿಟ್ಟರು. ಮೊದಲು ಕೂಗಿದ ಆಯಾ ಮಗುವಿನ ತಲೆ ಸವರಿ, ಏನೂ ಹೇಳದೆ ಹೋದಳು. ಆ ಮೌನದಲ್ಲೇ ಪರದೆಯಕ್ಕನಿಗೆ ಅರ್ಧ ತಿಳಿಯಿತು.

ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು. ಮಗುವನ್ನು ಮಲಗಿಸಿ ಪರೀಕ್ಷೆ ಮಾಡಿ, ಸ್ಕ್ಯಾನು ಮಾಡಿಸಿ, ಆಮೇಲೆ ಗಂಡ, ಹೆಂಡತಿ, ಜೊತೆಗೆ ಬಂದಿದ್ದ ನಾದಿನಿ ಮೂವರನ್ನೂ ಒಳಗೆ ಕರೆದು ಕೂರಿಸಿದರು. ಹಳೆಯ ಫೋಟೋಗಳಿದ್ದರೆ ತೋರಿಸಿ ಎಂದರು. ನಾದಿನಿ ಫೋನು ಚಾಚಿದಳು. ಡಾಕ್ಟರು ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಈ ಮಗೂನ ನಾನು ನೋಡಿದೀನಿ," ಎಂದರು. "ನನಗೂ ಯಾರೋ ಕಳಿಸಿದ್ರು. ನಾನು ನೋಡಿದ್ದರಲ್ಲಿ ಈ ಕಣ್ಣಿನ ಮೇಲೆ ನಕ್ಷತ್ರ ಅಂಟಿಸಿದ್ರು."

ಆಮೇಲೆ ವಿಷಯ ಹೇಳಿದರು. ಕಣ್ಣಿನೊಳಗೆ ಗೆಡ್ಡೆ. ಕಣ್ಣು ತುಂಬಿದೆ. ಹೊರಗೆ ಹರಡಿದಂತೆ ಕಾಣುವುದಿಲ್ಲ, ಅದೇ ದೊಡ್ಡ ಪುಣ್ಯ. ಹರಡುವ ಮುಂಚೆ ಆ ಕಣ್ಣನ್ನು ತೆಗೆಯಬೇಕು.

"ತೆಗೆಯೋದು ಅಂದ್ರೆ?" ಎಂದ ಗಂಡ. ಅರ್ಥವಾಗದೆ ಕೇಳಿದ್ದಲ್ಲ ಅದು.

ಪರದೆಯಕ್ಕ ಕೇಳಿದಳು: "ಆ ಫೋಟೋ ತೆಗೆದಾಗಲೇ ಬಂದಿದ್ರೆ?"

"ಅಮ್ಮಾ, ಹಾಗೆಲ್ಲ ಲೆಕ್ಕ ಹಾಕ್ಬಾರದು."

"ಹೇಳಿ ಸಾರ್. ಬಂದಿದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಣ್ಣು ಉಳಿಸೋಕೆ ಪ್ರಯತ್ನ ಮಾಡಬಹುದಿತ್ತು. ಉಳೀತಿತ್ತು ಅಂತ ನಾನು ಹೇಳಲ್ಲ. ಪ್ರಯತ್ನ ಮಾಡಬಹುದಿತ್ತು."

ಅವಳು ತಲೆಯಾಡಿಸಿದಳು, ಪರದೆಯ ಅಳತೆ ಹೇಳಿದ ಗಿರಾಕಿಗೆ ಆಯಿತು ಎನ್ನುವ ಹಾಗೆ.

ಶಸ್ತ್ರಚಿಕಿತ್ಸೆಯಾಯಿತು. ಅರ್ಧ ಮುಖ ಮುಚ್ಚಿದ ಪಟ್ಟಿಯೊಂದಿಗೆ ಮಗು ಮನೆಗೆ ಬಂತು. ಪಟ್ಟಿಯನ್ನು ಕೀಳಬಾರದೆಂದು ಅದರ ಕೈಗಳಿಗೆ ಬಟ್ಟೆ ಸುತ್ತಿದ್ದರು. ಎರಡನೇ ದಿನಕ್ಕೇ ನಗತೊಡಗಿತು. ಮಕ್ಕಳಿಗೆ ಅದೊಂದು ವರ. ದೊಡ್ಡವರಿಗೆ ಆ ನಗುವನ್ನು ನೋಡಲಾಗಲಿಲ್ಲ.

ಅವಳು ಕೆಲಸಕ್ಕೆ ಮರಳಿದ ದಿನ ಅಂಗಡಿಯ ಗಾಜಿನ ಬಾಗಿಲಲ್ಲಿ ಫೋಟೋ ಇರಲಿಲ್ಲ. ಮಾಸ್ತರು ಹಿಂದಿನ ಸಂಜೆಯೇ ಕಿತ್ತಿದ್ದರು. ಅವಸರದಲ್ಲಿ ಕಿತ್ತದ್ದರಿಂದ ನಾಲ್ಕು ಮೂಲೆಗಳಲ್ಲಿ ಅಂಟಿನ ಜೊತೆ ಕಾಗದದ ಚೂರು ಉಳಿದಿತ್ತು. ಮಾಲೀಕರು ಅವಳ ಮುಖ ನೋಡಲಾಗದೆ ಥಾನು ಇಳಿಸುವವನ ಮೇಲೆ ಸುಮ್ಮಸುಮ್ಮನೆ ರೇಗಿದರು. ಯಾರೂ ಮಗುವನ್ನು ಮ್ಯಾನೇಜರ್ ಎನ್ನಲಿಲ್ಲ. ಆ ಹೆಸರು ಬಿಟ್ಟಮೇಲೆ ಏನು ಕರೆಯಬೇಕೆಂದು ಕೆಲವರಿಗೆ ತೋಚಲೇ ಇಲ್ಲ. ಪರದೆಯಕ್ಕ ತನ್ನ ಮೆಷಿನ್ನಿನ ಮುಂದೆ ಕೂತು ಅಂಚು ಮಡಚತೊಡಗಿದಳು. ಕೋಣೆಯಲ್ಲಿ ಬರೀ ಮೆಷಿನ್ನುಗಳ ಸದ್ದು. ಈ ಕೋಣೆ ಇಷ್ಟು ಗದ್ದಲದ್ದು ಎಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ನಾದಿನಿ ಫೋಟೋವನ್ನು ಅಳಿಸಲು ಹೊರಟಳು. ತನ್ನದನ್ನು ಅಳಿಸುವುದು ಒಂದು ಗಳಿಗೆಯ ಕೆಲಸ. ಉಳಿದವರಿಗೆಲ್ಲ ಒಂದೊಂದಾಗಿ ಬರೆದಳು: ಇದು ನಮ್ಮ ಮಗು, ಕಾಯಿಲೆಯಿಂದ ಒಂದು ಕಣ್ಣು ಹೋಗಿದೆ, ದಯವಿಟ್ಟು ಫೋಟೋ ತೆಗೆಯಿರಿ. ಕೆಲವರು ತೆಗೆದರು, ಕೆಲವರು ಕ್ಷಮೆ ಕೇಳಿದರು. ಹಲವರು ಅದನ್ನೂ ತಮಾಷೆ ಎಂದುಕೊಂಡರು. ಒಂದು ಪೇಜಿನವರು, "ಮ್ಯಾನೇಜರ್ ಪಾಪು ಕಣ್ಣು ಕಳ್ಕೊಂಡ, ಒಂದು ಹಾರ್ಟ್ ಕೊಡಿ" ಎಂದು ಹೊಸದಾಗಿ ಹಾಕಿದರು. ಅದಕ್ಕೆ ಮೊದಲಿನದಕ್ಕಿಂತ ಹೆಚ್ಚು ಜನ ಒತ್ತಿದರು. ಆ ದಿನ ಅವಳು ಫೋನನ್ನು ಗೋಡೆಗೆ ಎಸೆದಳು. ದಿನವೆಲ್ಲ ಬೇರೆಯವರ ಒಡೆದ ಗಾಜು ತೆಗೆದು ಹೊಸದು ಅಂಟಿಸುವವಳು ತನ್ನದನ್ನು ಒಡೆದದ್ದಾಗಿಯೇ ಇಟ್ಟುಕೊಂಡಳು.

"ನಾನು ಹಾಕ್ದೇ ಇದ್ದಿದ್ರೆ ಅತ್ತಿಗೆ," ಎಂದು ಪಾತ್ರೆ ತೊಳೆಯುತ್ತ ನಿಂತಲ್ಲೇ ಅತ್ತಳು. "ಊರೋರ ಕಣ್ಣೆಲ್ಲ ಬಿತ್ತು ಅವನ ಮೇಲೆ. ನನ್ನ ಕೈ ಸೇದಿಹೋಗ."

"ನೀನು ಹಾಕಿದ್ದಕ್ಕೇ ಒಬ್ಬರಾದ್ರೂ ಹೇಳಿದ್ರು," ಎಂದಳು ಪರದೆಯಕ್ಕ. "ಕೇಳ್ದೇ ಇದ್ದೋಳು ನಾನು."

ಅದನ್ನು ಹೇಳಿದರೂ ನಾದಿನಿಯ ಅಳು ನಿಲ್ಲಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಆ ಹುಡುಗಿ ಬೇರೆ ಬಡಾವಣೆಯಲ್ಲಿ ಗೆಳತಿಯ ಜೊತೆ ಕೋಣೆ ಹಿಡಿದಳು. ಕೆಲಸಕ್ಕೆ ಹತ್ತಿರ ಎಂದಳು. ಹತ್ತಿರವೇನೂ ಇರಲಿಲ್ಲ. ಯಾರೂ ಜಗಳವಾಡಲಿಲ್ಲ, ಬಟ್ಟೆಯ ಚೀಲಗಳನ್ನು ಅಣ್ಣನೇ ವ್ಯಾನಿನಲ್ಲಿ ಇಟ್ಟುಕೊಂಡು ಹೋಗಿ ಬಿಟ್ಟುಬಂದ.

ಪರದೆಯಕ್ಕನಿಗೆ ಹೆಚ್ಚು ಕೊರೆಯುತ್ತಿದ್ದದ್ದು ಗಂಡನ ಮೌನ. ತೋರಿಸಿದರೆ ಏನಾಗುತ್ತದೆ ಎಂದು ಅವನು ಕೇಳಿದ್ದ. ತಾನು ಬಾಯಿ ಮುಚ್ಚಿಸಿದ್ದಳು. ಅದನ್ನು ಅವನು ಒಮ್ಮೆಯೂ ಎತ್ತಿ ಆಡಲಿಲ್ಲ. ಮಗುವನ್ನು ತಪಾಸಣೆಗೆ ಕರೆದೊಯ್ಯುವ ದಿನ ರಜೆ ಹಾಕಿ ಬರುತ್ತಿದ್ದ, ಸಾಲಿನಲ್ಲಿ ನಿಲ್ಲುತ್ತಿದ್ದ, ಮನೆಗೆ ಬಂದು ಮೂಲೆಯಲ್ಲಿ ಕೂರುತ್ತಿದ್ದ. ಒಂದು ಸಲ ಬೈದಿದ್ದರೆ, ಕೈಯಲ್ಲಿದ್ದ ಲೋಟವನ್ನಾದರೂ ನೆಲಕ್ಕೆ ಕುಕ್ಕಿದ್ದರೆ ಅವಳ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯುತ್ತಿತ್ತು. ಅವನ ಸುಮ್ಮನಿರುವಿಕೆಯನ್ನು ಅವಳು ದಿನಾ ಬೈಗುಳದಂತೆ ಕೇಳಿಸಿಕೊಂಡಳು.

ಕೊನೆಗೊಂದು ದಿನ ನಾದಿನಿಯ ಕೋಣೆಗೆ ಹೋಗಿ ಬ್ಲಾಕ್ ತೆಗೆಸಿ, ಆ ಹೆಂಗಸಿಗೆ ಬರೆಸಿದಳು. ನೀವು ಹೇಳಿದ್ದು ನಿಜವಾಯಿತು, ನಿಮ್ಮ ಜೊತೆ ಒಮ್ಮೆ ಮಾತಾಡಬೇಕು. ಬಹಳ ದಿನ ಉತ್ತರ ಬರಲಿಲ್ಲ. ಬಂದಾಗ ಬರೀ ಒಂದು ಫೋನ್ ನಂಬರು.

ಪರದೆಯಕ್ಕ ಊಟದ ಬಿಡುವಿನಲ್ಲಿ ಅಂಗಡಿಯ ಹಿಂದಿನ ಓಣಿಯಲ್ಲಿ, ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗಳನ್ನು ಒಟ್ಟಿದ ಜಾಗದಲ್ಲಿ ನಿಂತು ಫೋನು ಮಾಡಿದಳು. ಆ ಕಡೆಯವಳ ದನಿ ಒರಟಾಗಿತ್ತು, ವಯಸ್ಸು ಹೆಚ್ಚಿರಲಿಲ್ಲ. ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಎಂದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮಗು ಹೇಗಿದಾನೆ?"

"ಇದಾನೆ. ಒಂದು ಕಣ್ಣು ತೆಗೆದ್ರು."

"ಇನ್ನೊಂದು?"

"ಚೆನ್ನಾಗಿದೆ ಅಂದ್ರು."

"ತೋರಿಸ್ತಾ ಇರಿ. ಚೆನ್ನಾಗಿದೆ ಅಂದ್ರೂ ಬಿಡಬೇಡಿ. ದೊಡ್ಡೋನಾಗೋವರೆಗೂ ಬಿಡಬೇಡಿ."

"ನಾನು ನಿಮಗೆ ಏನೇನೋ ಬರೆದೆ," ಎಂದಳು ಪರದೆಯಕ್ಕ. "ಮಕ್ಕಳಿಲ್ವಾ ಅಂತ ಕೇಳ್ದೆ. ತಪ್ಪಾಯ್ತು."

"ಮಗಳಿದ್ಲು. ನಮಗೆ ಗೊತ್ತಾಗೋ ಹೊತ್ತಿಗೆ ಗೆಡ್ಡೆ ತಲೆಗೆ ಹೋಗಿತ್ತು. ಅವಳ ಫೋಟೋಲೂ ಹಾಗೇ ಇತ್ತು, ನಾಲ್ಕೈದು ಫೋಟೋಲಿ. ನಮಗೆ ಹೇಳೋರು ಯಾರೂ ಇರ್ಲಿಲ್ಲ. ನಿಮಗೆ ನಾನು ಹೇಳ್ದೆ, ನೀವು ಕೇಳ್ಲಿಲ್ಲ. ಅದಕ್ಕೆ ನನಗೆ ನಿಮ್ಮ ಮೇಲೆ ತುಂಬ ಕೋಪ ಇತ್ತು. ಸುಳ್ಳು ಯಾಕೆ ಹೇಳ್ಲಿ, ಈಗ್ಲೂ ಸ್ವಲ್ಪ ಇದೆ."

"ಇರ್ಲಿ. ಇರಬೇಕು."

"ಆದ್ರೂ ಬದುಕಿದಾನಲ್ಲ. ಅದು ಕೇಳಿ ಸಂತೋಷ ಆಯ್ತು. ಇನ್ಮೇಲೆ ಫೋನ್ ಮಾಡಬೇಡಿ ಅಮ್ಮಾ. ಸಂತೋಷ ಆಗುತ್ತೆ, ಆಮೇಲೆ ಅದು ಇಳಿಯೋ ಹೊತ್ತಿಗೆ ನನಗೆ ಮನೇಲಿ ಕೂರೋಕಾಗಲ್ಲ." ವ್ಯಾನಿನ ಬಾಗಿಲು ಎಳೆದ ಸದ್ದು ಕೇಳಿತು. "ನಾನು ತುಂಬ ಜನಕ್ಕೆ ಬರೆದಿದೀನಿ. ಎಲ್ರೂ ಬೈದ್ರು. ತಿರುಗಿ ಫೋನ್ ಮಾಡಿದ್ದು ನೀವೊಬ್ರೇ."

ಪರದೆಯಕ್ಕ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಒಳಗಿಂದ ಯಾರೋ, ಊಟ ತಣ್ಣಗಾಯಿತು ಎಂದು ಕರೆದರು. ಹಸಿವಿಲ್ಲ ಎಂದಳು. ಆ ನಂಬರಿಗೆ ಅವಳು ಮತ್ತೆ ಫೋನು ಮಾಡಲಿಲ್ಲ.

ಗಾಯ ಮಾಗಿದ ಮೇಲೆ ಮಗುವಿಗೆ ಕೃತಕ ಕಣ್ಣು ಮಾಡಿಸಿದ್ದರು. ತೆಳ್ಳನೆಯ ಒಂದು ಚಿಪ್ಪು. ಬಲಗಣ್ಣನ್ನು ನೋಡಿ ನೋಡಿ ಅದೇ ಬಣ್ಣ ಬಳಿದದ್ದು. ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬೆಳಗ್ಗೆ ತೊಳೆದು ಹಾಕುವುದನ್ನು ಅವಳು ಕಲಿತಳು. ಮೊದಲ ದಿನಗಳಲ್ಲಿ ಬಹಳ ಹೊತ್ತು ಹಿಡಿಯುತ್ತಿತ್ತು, ಆಮೇಲೆ ಗುಂಡಿ ಹಾಕಿದಷ್ಟೇ ಸಲೀಸಾಯಿತು. ಸಲೀಸಾಯಿತಲ್ಲ ಎಂದೂ ಅವಳಿಗೆ ಸಂಕಟವಾಗುತ್ತಿತ್ತು. ಹುಡುಗ ಓಡುವಾಗ ಒಮ್ಮೊಮ್ಮೆ ಅದು ಬಿದ್ದುಹೋಗುತ್ತಿತ್ತು. ಅವನೇ ಹೆಕ್ಕಿ ಜೇಬಿಗೆ ಹಾಕಿಕೊಂಡು ಆಟ ಮುಂದುವರಿಸುತ್ತಿದ್ದ.

ಅವನು ಶಾಲೆಗೆ ಸೇರಿ ಅಕ್ಷರ ಕೂಡಿಸಿ ಓದುವಷ್ಟಾದಾಗ ಒಂದು ಸಂಜೆ ಓಡುತ್ತ ಬಂದು ಕೇಳಿದ: "ಅಮ್ಮಾ, ಮ್ಯಾನೇಜರ್ ಪಾಪು ನಾನೇನಾ?"

ಗೆಳೆಯನ ಅಪ್ಪ ಫೋನಿನಲ್ಲಿ ತೋರಿಸಿದ್ದರಂತೆ. ಮೀಮು ಸತ್ತಿರಲಿಲ್ಲ, ಒಬ್ಬರು ಮರೆತರೆ ಇನ್ನೊಬ್ಬರಿಗೆ ಹೊಸದಾಗಿ ಸಿಗುತ್ತಿತ್ತು.

ಇಲ್ಲ ಎನ್ನಬಹುದಿತ್ತು. ಅವಳು ಒಲೆ ಆರಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನಲ್ಲಿ ಚಿತ್ರ ಹುಡುಕಿ ತೋರಿಸಿದಳು. ಅವನು ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದ. ಕೊರಳಿನ ಟೇಪು ನೋಡಿ ನಕ್ಕ. ಕೆಳಗಿನ ಸಾಲನ್ನು ತಡೆತಡೆದು ಓದಿ ಮತ್ತೆ ನಕ್ಕ. ಆಮೇಲೆ ಬೆರಳಿಟ್ಟ.

"ಇದು ಯಾಕೆ ಹೊಳೀತಿದೆ?"

"ಅದರೊಳಗೆ ಕಾಯಿಲೆ ಇತ್ತು. ಡಾಕ್ಟರಿಗೆ ತೋರಿಸಿ ಅಂತ ಒಬ್ಬರು ನನಗೆ ಹೇಳಿದ್ರು. ನಾನು ಕೇಳ್ಲಿಲ್ಲ."

"ಯಾಕೆ?"

"ಹೆದರಿಕೆ ಆಯ್ತು ಕಂದಾ. ಹೆದರಿಕೆ ಆಗಿದ್ದಕ್ಕೆ ಅವರನ್ನೇ ಬೈದೆ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗಂಡ ಅಲ್ಲೇ ನಿಂತಿದ್ದ. ಅವನು ಬಂದದ್ದನ್ನು ಇಬ್ಬರೂ ನೋಡಿರಲಿಲ್ಲ.

"ಅಮ್ಮ ಒಬ್ಬಳೇ ಅಲ್ಲ," ಎಂದ. "ನಾನೂ ಅಲ್ಲೇ ಕೂತಿದ್ದೆ. ನನಗೂ ಕೇಳಿಸ್ತು. ಅವಳು ಬೇಡ ಅಂದ್ರೆ ನಾನು ಎತ್ಕೊಂಡು ಹೋಗಬಹುದಿತ್ತು. ದಿನಾ ಆ ಆಸ್ಪತ್ರೆ ಮುಂದೇನೇ ವ್ಯಾನ್ ಓಡಿಸ್ತಿದ್ದೆ. ಎರಡನೇ ಸಲ ಬಾಯಿ ಬಿಡ್ಲಿಲ್ಲ."

ಅವನು ಅಷ್ಟು ಉದ್ದ ಮಾತಾಡಿದ್ದನ್ನು ಪರದೆಯಕ್ಕ ಕೇಳಿಯೇ ಇರಲಿಲ್ಲ. ಇಷ್ಟು ವರ್ಷ ತಾನು ಬೈಗುಳವೆಂದು ತಿಳಿದದ್ದು ಬೈಗುಳವಾಗಿರಲಿಲ್ಲ ಎಂಬುದು ಅವಳಿಗೆ ಮೆಲ್ಲಗೆ ಹೊಳೆಯಿತು. ಹಗುರವಾಗಬೇಕಿತ್ತು. ಹಗುರವೇನೂ ಆಗಲಿಲ್ಲ. ಇಬ್ಬರೂ ಒಂದೇ ಭಾರವನ್ನು ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಹೊತ್ತಿದ್ದೆವಲ್ಲ ಎನ್ನಿಸಿತು. ಸರಿದು ಜಾಗ ಮಾಡಿದಳು. ಅವನು ಬಂದು ಪಕ್ಕದಲ್ಲಿ ಕೂತ.

ಹುಡುಗ ಅವರ ಮುಖ ನೋಡಲಿಲ್ಲ. ಅವನು ಇನ್ನೂ ಚಿತ್ರದಲ್ಲೇ ಇದ್ದ.

"ಈ ಕಣ್ಣು ಈಗ ಎಲ್ಲಿದೆ?"

ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರೀಕ್ಷೆಗೆಂದು ಆಸ್ಪತ್ರೆಯವರು ಇಟ್ಟುಕೊಂಡದ್ದು ಗೊತ್ತು. ಆಮೇಲೆ ಏನು ಮಾಡಿದರೋ, ಎಲ್ಲಿಟ್ಟರೋ, ಅವರು ಕೇಳಿರಲಿಲ್ಲ. ಕೇಳಬೇಕೆಂದೂ ಹೊಳೆದಿರಲಿಲ್ಲ.

"ಗೊತ್ತಿಲ್ಲ ಪುಟ್ಟಾ," ಎಂದ ಅಪ್ಪ.

"ಮುಂದಿನ ಸಲ ಹೋದಾಗ ಕೇಳೋಣ," ಎಂದ ಹುಡುಗ.

"ಕೇಳೋಣ," ಎಂದಳು ಪರದೆಯಕ್ಕ.